ಬೀಳದ ಮಳೆ ಅಳೆದ ಕೆಪಾಸಿಟರ್ ಅವರಿಗೆ

ಇವರಿಗೆ,
ಶ್ರೀಮಾನ್ ಸೆರಾಮಿಕ್ ಕೆಪಾಸಿಟರ್ ಅವರು,
ರೆಗ್ಯುಲೇಟರ್ ಸಾಹೇಬರ ಹೊರಬಾಗಿಲ ಪಕ್ಕ,
ಮಳೆ ಅಳೆಯುವ ಡಬ್ಬ, ನಮ್ಮ ಕಣದ ಮೂಲೆ,
ಬೆಳಗೋಡು ಹೋಬಳಿ, ಸಕಲೇಶಪುರ ತಾಲ್ಲೂಕು.

ಮಾನ್ಯರೇ,

ತಮಗೆ ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ತೊಗರಿಬೇಳೆಯಷ್ಟೇ ದೊಡ್ಡವರಾದ್ದರಿಂದ ಮಣ್ಣಿಗೆ ಮೂಗು ತಾಗಿಸದೆ ತಮ್ಮ ದರ್ಶನವೇ ಆಗುವುದಿಲ್ಲ. ಹಾಗಾಗಿ ಈ ಸಾಷ್ಟಾಂಗವನ್ನು ಬರೀ ಬಾಯುಪಚಾರವೆಂದು ತಿಳಿಯಬಾರದಾಗಿ ವಿನಂತಿ. ನಿನ್ನೆ ಮಧ್ಯಾಹ್ನ ನಮ್ಮ ಅತ್ತೆಯವರು ಪಂಚಾಂಗ ಓದುವ ಭೂತಗನ್ನಡಿಯನ್ನು ಬೇಡಿ ಪಡೆದು, ಕಣದ ಮೂಲೆಯಲ್ಲಿ ಮಂಡಿಯೂರಿ, ಡಬ್ಬದ ಮುಚ್ಚಳ ತೆಗೆದು, ತಾವು ಹಳದಿ ಮೈ, ಎರಡು ತಂತಿಯ ಕಾಲು ಊರಿಕೊಂಡು ಹಸಿರು ಹಲಗೆಯ ಮೇಲೆ ಏನೂ ಅರಿಯದವರಂತೆ ನಿಂತಿರುವುದನ್ನು ಕಣ್ತುಂಬ ನೋಡಿದೆ. ಇಷ್ಟು ಚಿಕ್ಕ ಮೈಯೊಳಗೆ ಅಷ್ಟು ದೊಡ್ಡ ಅನಾಹುತ ಹೇಗೆ ಹಿಡಿಸಿತೆಂದು ಆಶ್ಚರ್ಯಪಟ್ಟು, ಆ ಆಶ್ಚರ್ಯವನ್ನು ತಮಗೇ ತಿಳಿಸುವುದು ಮರ್ಯಾದೆಯೆಂದು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ತಮ್ಮ ಬಂಧುಬಳಗ ಬಹಳ ದೊಡ್ಡದೆಂದೂ ಎಲ್ಲರ ಮನೆಯ ಎಲ್ಲ ಯಂತ್ರಗಳಲ್ಲೂ ತಮ್ಮವರೊಬ್ಬರು ಇದ್ದೇ ಇರುತ್ತಾರೆಂದೂ ಕೇಳಿದ್ದೇನೆ.

ನನ್ನ ಪರಿಚಯ ತಮಗಿರಲಾರದು. ನಾನು ನೇತ್ರಾವತಿ. ಮೂರೆಕರೆ ರೊಬಸ್ಟಾ ಕಾಫಿ ಇಟ್ಟುಕೊಂಡು, ಗೊಬ್ಬರ ಕೊಡಿಸುವುದು, ನೆರಳಿನ ಮರಗಳ ಕೊಂಬೆ ಸವರಿಸಿ ಮರಗಸಿ ಮಾಡಿಸುವುದು, ಬಂದ ಆಳುಗಳಿಗೆ ಕಾಫಿ ಕೊಡುವುದು, ಬಾರದ ಆಳುಗಳನ್ನು ಬೈಯುವುದು ಇಷ್ಟನ್ನೂ ನಾನೇ ನೋಡಿಕೊಳ್ಳುತ್ತೇನೆ. ನಮ್ಮ ಮನೆಯವರಾದ ಧರ್ಮ ಅವರು ಪಿಕಪ್ ಓಡಿಸುತ್ತಾರೆ. ತೋಟದ ವಿಷಯದಲ್ಲಿ ಅವರ ಪಾತ್ರವೆಂದರೆ ದಿನಕ್ಕೆ ನಾಲ್ಕಾರು ಸಲ ಎಲ್ಲಿಂದಲೋ ವಿಚಾರಿಸಿಕೊಂಡು, ಮಳೆ ಎಷ್ಟು ಬಂತೆಂದು ತಿಳಿದು, ತಿಳಿದದ್ದನ್ನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚುವುದು. ಇದನ್ನು ನಾನು ನಿರುಪದ್ರವಿ ಹವ್ಯಾಸವೆಂದು ತಿಳಿದಿದ್ದೆ. ತಾವು ಬಂದು ನನ್ನ ತಿಳಿವಳಿಕೆಯನ್ನು ತಿದ್ದಿದಿರಿ.

ನಮ್ಮ ಸೀಮೆಯ ನಡವಳಿಕೆ ತಮಗೆ ಹೊಸದಿರಬಹುದಾದ್ದರಿಂದ ನಾಲ್ಕು ಮಾತು ಹೇಳಬೇಕು. ಇಲ್ಲಿ ಕಾಫಿ ಬೆಳೆಯುವವರು ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮುಂಚೆ ಮಳೆ ಅಳೆಯುತ್ತಾರೆ. ಅಳೆದದ್ದನ್ನು ನೆರೆಯವರಿಗೆ ಫೋನ್ ಮಾಡಿ ಹೇಳುತ್ತಾರೆ, ನೆರೆಯವರದ್ದನ್ನು ಕೇಳುತ್ತಾರೆ, ನೆರೆಯವರಿಗೆ ಐದು ಸೆಂಟ್ಸ್ ಜಾಸ್ತಿ ಬಿದ್ದಿದ್ದರೆ ಅವತ್ತಿನ ತಿಂಡಿ ರುಚಿಸುವುದಿಲ್ಲ. ಸರ್ಕಾರವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ನಮ್ಮ ಮಳೆ ಇನ್ನೂ ಇಂಚಿನಲ್ಲೇ ಬೀಳುತ್ತದೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಆ ಲೆಕ್ಕ ಕೊಡುವ ಉಪಕರಣಕ್ಕೆ ನಾವು ಗೇಜು ಎನ್ನುತ್ತೇವೆ. ಒಬ್ಬರ ಸಾಲವನ್ನು, ಮಕ್ಕಳ ಮಾರ್ಕ್ಸನ್ನು, ಅವರು ಮಾಡಿದ ಸಾರನ್ನು ಬೇಕಾದರೆ ಅನುಮಾನಿಸಬಹುದು. ಗೇಜನ್ನು ಅನುಮಾನಿಸಿದರೆ ಎರಡು ಮನೆಯ ನಡುವೆ ಹೋಗಿಬರುವುದು ನಿಂತುಹೋಗುತ್ತದೆ.

ಇಂತಹ ಗೇಜನ್ನು ನಂಬಿಕೊಂಡೇ ನಾವು ಐದು ಮನೆಯವರು ಸೇರಿ ಒಂದು ನಿಯಮ ಮಾಡಿಕೊಂಡಿದ್ದೇವೆ. ನಮಗೆಲ್ಲ ಇರುವುದು ಒಂದೇ ಕೆರೆ, ಒಂದೇ ಡೀಸೆಲ್ ಪಂಪು, ಒಂದೇ ಜೊತೆ ಸ್ಪ್ರಿಂಕ್ಲರ್ ಪೈಪು. ಬೇಸಿಗೆಯಲ್ಲಿ ಹೂವಿಗೆ ನೀರು ಹೊಡೆಯುವ ಕಾಲ ಬಂದಾಗ ಪಂಪು ಪಾಳಿಯ ಮೇಲೆ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುತ್ತದೆ. ಯಾರ ಗೇಜಿನಲ್ಲಿ ಒಂದು ಇಂಚು ಬಿತ್ತೋ ಅವರು ಮರುಮಾತಾಡದೆ ಪಾಳಿ ಬಿಟ್ಟುಕೊಟ್ಟು ಪಂಪನ್ನು ಮುಂದಿನವರಿಗೆ ದಾಟಿಸಬೇಕು. ಈ ನಿಯಮ ಮಾಡಿದವರು ನಮ್ಮ ಬೇಲಿಯಾಚೆಯ ತೋಟದ ರುದ್ರಯ್ಯನವರು. ಹಿರಿಯರು, ಕೆರೆಯ ಏರಿಯ ಮೇಲೆ ನಿಂತು ಅವರು ಕೆಮ್ಮಿದರೆ ಪಂಪು ತಾನಾಗಿ ಸ್ಟಾರ್ಟ್ ಆಗುತ್ತದೆಂದು ನಮ್ಮ ಅತ್ತೆ ಹೇಳುತ್ತಾರೆ.

ಹೂವಿನ ವಿಷಯವನ್ನೂ ತಿಳಿಸಿಬಿಡುತ್ತೇನೆ, ಏಕೆಂದರೆ ತಾವು ಕೈಹಾಕಿದ್ದು ಅಲ್ಲಿಗೇ. ರೊಬಸ್ಟಾ ಗಿಡ ಬೇಸಿಗೆಯಿಡೀ ಮೊಗ್ಗನ್ನು ಗಂಟಿನಲ್ಲಿ ಬಿಗಿಹಿಡಿದುಕೊಂಡು ಒಂದು ಇಂಚು ನೀರಿಗಾಗಿ ಕಾಯುತ್ತದೆ. ಒಂದೇ ಏಟಿಗೆ ಅಷ್ಟು ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಏನೂ ಬೀಳದಿದ್ದರೂ ಚಿಂತೆಯಿಲ್ಲ, ಮೊಗ್ಗು ಇನ್ನಷ್ಟು ದಿನ ಕಾಯುತ್ತದೆ. ಅರ್ಧಂಬರ್ಧ ಬಿದ್ದರೆ ಮಾತ್ರ ಕೆಟ್ಟಿತು. ಎಚ್ಚರಗೊಂಡ ಮೊಗ್ಗು ಮುಂದಕ್ಕೆ ಅರಳಲಾರದೆ ಹಿಂದಕ್ಕೆ ಮಲಗಲಾರದೆ ಕೆಂಪಾಗಿ, ಆಮೇಲೆ ಕಪ್ಪಾಗಿ ಉದುರುತ್ತದೆ. ಅದಕ್ಕೇ ಅರೆಮಳೆ ಬಿದ್ದ ಕೂಡಲೇ ಓಡಿಹೋಗಿ ಪಂಪು ಹಚ್ಚಿ ಉಳಿದದ್ದನ್ನು ಕೊಡಬೇಕು. ಆ ನಾಲ್ಕಾರು ದಿನ ತಪ್ಪಿತೆಂದರೆ ಒಂದು ವರ್ಷದ ಫಸಲು ತಪ್ಪಿತು. ನಮಗೆ ಮೂರೆಕರೆ ಬಿಟ್ಟರೆ ಇನ್ನೆಲ್ಲೂ ಗಿಡವಿಲ್ಲವೆಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ತಮಗಿಂತ ಮುಂಚೆ ಆ ಜಾಗದಲ್ಲಿದ್ದವರು ಉದ್ದನೆಯ ಒಬ್ಬ ಹಳೇ ಕೆಪಾಸಿಟರ್. ನೀಲಿ ಕೋಟು ತೊಟ್ಟು ಬೆನ್ನು ನೆಟ್ಟಗಿಟ್ಟುಕೊಂಡು ಎಷ್ಟೋ ಮಳೆಗಾಲ ದುಡಿದರು. ಈ ಸಲ ಸೀಸನ್ನಿಗೆ ಮುಂಚೆ ಸರ್ವೀಸಿಗೆಂದು ಸಕಲೇಶಪುರದಿಂದ ಸುರೇಂದ್ರ ಬಂದಿದ್ದ. ಮಿಕ್ಸಿ, ಟಿವಿ, ಪಂಪಿನ ಸ್ಟಾರ್ಟರ್, ಮಳೆ ಗೇಜು ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ರಿಪೇರಿ ಮಾಡುವ ಹುರುಪಿನ ಮನುಷ್ಯ. ಆ ಹಿರಿಯರ ನೆತ್ತಿ ಉಬ್ಬಿರುವುದನ್ನು ಕಂಡು ಅವನು ನಿವೃತ್ತಿ ಕೊಡಿಸಿ, ಆ ಸ್ಥಾನಕ್ಕೆ ತಮ್ಮನ್ನು ತಂದು ಕೂರಿಸಿದ. ಕಾಫಿ ಬೆಳೆಯುವವರ ಮನೆಗೆ ಸಾಧಾರಣ ಮಾಲು ಹಾಕಿದರೆ ಮರ್ಯಾದೆಯಲ್ಲವೆಂಬುದು ಅವನ ಅಭಿಪ್ರಾಯ. "ಅಕ್ಕಾ, ಇದು ಎಕ್ಸ್‌ಪೋರ್ಟ್ ಕ್ವಾಲಿಟಿ ಕಣಕ್ಕ, ಒಳಗೆ ರೆಸಿಸ್ಟೆನ್ಸೇ ಇಲ್ಲ" ಎಂದು ಅವನು ಹೇಳಿದಾಗ ನಾನು ತಮ್ಮನ್ನು ನೋಡಿ ಹೆಮ್ಮೆಪಟ್ಟಿದ್ದೇನೆ. ಈ ಮನೆಯಲ್ಲಿ ಯಾವುದಕ್ಕೂ ಎದುರಾಡದವರು ಒಬ್ಬರಾದರೂ ಬಂದರಲ್ಲ ಎಂದುಕೊಂಡೆ.

ನಮ್ಮ ಡಬ್ಬದ ರೀತಿ ತಮಗೆ ಗೊತ್ತೇ ಇದೆ. ಮಳೆನೀರು ತುಂಬಿ ಒಳಗಿನ ಪುಟ್ಟ ತೊಟ್ಟಿ ಮಗುಚಿದಾಗೆಲ್ಲ ಒಂದು ಸೆಂಟ್ ಎಂದು ಅದು ಎಣಿಸಿಕೊಳ್ಳುತ್ತದೆ. ಅದರ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜಿನಲ್ಲಿ ಲೆಕ್ಕ ಕಳಿಸುತ್ತದೆ. ಸುಮ್ಮನಿರುವಾಗ ತಾವೂ ಸುಮ್ಮನಿದ್ದಿರಿ, ಅದನ್ನು ಒಪ್ಪಿಕೊಳ್ಳುತ್ತೇನೆ. ಮೆಸೇಜು ಕಳಿಸಲು ಡಬ್ಬ ಬಾಯಿ ತೆರೆದು ಒಮ್ಮೆಲೇ ಕರೆಂಟು ಕೇಳಿದಾಗ ಮಾತ್ರ ತಾವೂ ರೆಗ್ಯುಲೇಟರ್ ಸಾಹೇಬರೂ ಸೇರಿಕೊಂಡು ಗಡಗಡ ನಡುಗತೊಡಗುತ್ತಿದ್ದಿರಂತೆ. ಲೆಕ್ಕ ಇಡುವ ಎಲೆಕ್ಟ್ರಾನಿಕ್ ಚಿಪ್ಪು ಆ ನಡುಕವನ್ನೇ ತೊಟ್ಟಿ ಮಗುಚಿದ್ದೆಂದು ತಿಳಿದು, ಮಳೆ ಬಿತ್ತು, ಮಳೆ ಬಿತ್ತು ಎಂದು ಬರೆದುಕೊಳ್ಳುತ್ತಿತ್ತು. ಅಂದರೆ ಮಳೆ ಎಷ್ಟು ಬಂತೆಂದು ಕೇಳಿದಾಗೆಲ್ಲ ನಮ್ಮ ಕಣಕ್ಕೆ ಮಳೆ ಬರುತ್ತಿತ್ತು. ವರುಣದೇವರಿಗೆ ಹರಕೆ ಹೊತ್ತು ಕಾಯುವ ಜನಕ್ಕೆ, ಮಿಸ್ಡ್ ಕಾಲ್ ಕೊಟ್ಟರೆ ಸಾಕು ಎಂಬ ಸುಲಭ ಮಾರ್ಗ ತೋರಿಸಿದವರು ತಾವೊಬ್ಬರೇ.

ತಾವು ಬಂದು ಕೂತ ದಿನವೇ ಸಂಜೆ ನಿಜವಾಗಿಯೇ ಮೋಡ ಕಟ್ಟಿ, ಗಾಳಿ ಎದ್ದು, ಒಂದಷ್ಟು ಮಳೆ ಬಿತ್ತು. ನಾನು ಕೇಳಿದಾಗ ಡಬ್ಬ ಮೂವತ್ತೇಳು ಸೆಂಟ್ಸ್ ಎಂದಿತು. ಹೂಮಳೆಯ ಸಂಜೆ ಐದು ಮನೆಯವರಿಗೂ ಇನ್ನೊಬ್ಬರ ಗೇಜಿನ ಸುದ್ದಿ ತಿಳಿಯದೆ ಕೂರಲಾಗುವುದಿಲ್ಲ. ಎಲ್ಲರೂ ಎಲ್ಲರ ಡಬ್ಬಕ್ಕೂ ಮಿಸ್ಡ್ ಕಾಲ್ ಕೊಟ್ಟರು. ನಮ್ಮದರಲ್ಲಿ ನಲವತ್ತೆಂಟು ಕಂಡವರು ಅನುಮಾನಪಟ್ಟು ಮತ್ತೆ ಕೇಳಿದರು, ಐವತ್ತೊಂಬತ್ತಾಯಿತು. ಹೆಚ್ಚುತ್ತಲೇ ಇದೆಯಲ್ಲ ಎಂದು ಬೆರಗಾದವರು ಇನ್ನೊಮ್ಮೆ ಕೇಳಿದರು. ನಮ್ಮ ಮನೆಯವರು ಆನೇಮಹಲ್ಲಿನ ಹೋಟೆಲಿನಲ್ಲಿ ಕುಳಿತು, ಪಕ್ಕದವರಿಗೆ ತೋರಿಸುವುದಕ್ಕೆಂದೇ ಒಂದೆರಡು ಸಲ ಕೇಳಿದರಂತೆ. ಅವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ನಮಗೆ ಒಂದು ಇಂಚು ಹತ್ತು ಸೆಂಟ್ಸ್ ಆಗಿತ್ತು. ಬೇಲಿಯಾಚೆ ರುದ್ರಯ್ಯನವರ ಡಬ್ಬದಲ್ಲಿ ಮೂವತ್ತೈದಕ್ಕೆ ನಿಂತಿತ್ತು. ನಾನು ಸಂತೋಷಪಟ್ಟೆನೆಂದು ನಾಚಿಕೆಯಿಂದ ತಿಳಿಸುತ್ತೇನೆ. ನಮ್ಮ ಪಾಳಿ ಮಾರನೆಯ ದಿನಕ್ಕಿತ್ತು. ನಿಯಮದಂತೆ ಪಂಪು ನಮ್ಮ ಗೇಟಿನ ಮುಂದೆಯೇ ಹಾದು ರುದ್ರಯ್ಯನವರ ತೋಟಕ್ಕೆ ಹೋಯಿತು. ಕೆಳಗಿನ ಮೂವರ ಪಾಳಿ ಮೊದಲೇ ಮುಗಿದಿದ್ದರಿಂದ ಉಳಿದಿದ್ದವರು ನಾವಿಬ್ಬರೇ. ಪಂಪಿಗೆ ದಾರಿ ಬಿಡುವಾಗ ನಾನು ಉದಾರತೆಯಿಂದ ಕೈಬೀಸಿದ್ದೂ ಉಂಟು.

ಮಾರನೆಯ ಬೆಳಿಗ್ಗೆ ನಮ್ಮ ಅತ್ತೆ ದೇವೀರಮ್ಮನವರು ಅಂಗಳ ಗುಡಿಸಿದರು. ಒಂದೂಕಾಲು ಇಂಚಿಗೆ ಏರಿದ್ದ ಮಳೆಯ ಮಾರನೆಯ ದಿನ ನಮ್ಮ ಅಂಗಳದಲ್ಲಿ ಧೂಳೆದ್ದು ಅವರಿಗೆ ಸೀನು ಬಂತು. "ಲೇ ನೇತ್ರಾ, ನೆಲ ಒಣಗೈತೆ, ನಿನ್ ಡಬ್ಬ ಮಳೆ ಅಂತೈತೆ. ಗಿಡ ಬೇರು ಬುಟ್ಟಿರಾದು ನೆಲದಾಗೋ ಡಬ್ಬದಾಗೋ?" ಎಂದು ಕೇಳಿದರು. ನಾನು ಗೇಜಿನ ಮಾತಿಗೆ ಎದುರಾಡಬಾರದೆಂದು ಅತ್ತೆಗೇ ಬುದ್ಧಿ ಹೇಳಿದೆ. ಆದರೂ ಮನಸ್ಸು ತಡೆಯದೆ ತೋಟಕ್ಕೆ ಹೋಗಿ ಗಿಡದ ಬುಡ ಕೆದರಿದೆ. ಬೆರಳಿನ ಒಂದು ಗೆಣ್ಣಿನಷ್ಟು ತೇವ, ಅದರ ಕೆಳಗೆ ಒಣ ಮಣ್ಣು. ಗಂಟಿನಲ್ಲಿ ಮೊಗ್ಗು ಮಾತ್ರ ಎದ್ದು ಕುಳಿತಿತ್ತು. ಅವತ್ತು ನನಗೆ ಹೆದರಿಕೆಯಾಯಿತು. ಅದನ್ನು ಬೇರೆ ಹೇಗೂ ಬರೆಯಲು ಬರುವುದಿಲ್ಲ.

ಆ ಹೆದರಿಕೆಯಲ್ಲಿ ನಾನು ಡಬ್ಬಕ್ಕೆ ಮಿಸ್ಡ್ ಕಾಲ್ ಕೊಟ್ಟೆ. ನೀಲಿ ಆಕಾಶದ ಕೆಳಗೆ ನಿಂತು, ಕೊಟ್ಟಷ್ಟೂ ಸಲ ಮಳೆ ಹೆಚ್ಚುವುದನ್ನು ಕಂಡ ಮೇಲೆ ಹಾಸನದ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನನ್ನ ತಂಗಿಯ ಮಗಳು ಚೈತ್ರಶ್ರೀಗೆ ಫೋನ್ ಮಾಡಿದೆ. ಸುರೇಂದ್ರನನ್ನೂ ಕರೆಸಿದೆ. ಅವಳು ಅಲ್ಲಿಂದ ಕೇಳುವುದು, ಇವನು ಇಲ್ಲಿ ಡಬ್ಬದೊಳಗೆ ತಲೆ ತೂರಿಸಿ ಉತ್ತರಿಸುವುದು, ಹೀಗೆ ಒಂದು ಹೊತ್ತು ಕಳೆದ ಮೇಲೆ ತಮ್ಮ ಹೆಸರು ಹೊರಗೆ ಬಂತು.

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಬೇಕು. ಬ್ಯಾಟರಿಯ ವೋಲ್ಟೇಜು ಹೆಚ್ಚುಕಮ್ಮಿ ಆಗುತ್ತಿರುತ್ತದೆ; ಅದನ್ನು ಇಳಿಸಿ ಒಂದೇ ಮಟ್ಟದಲ್ಲಿ ಕೊಡುವುದು ರೆಗ್ಯುಲೇಟರ್ ಸಾಹೇಬರ ಕೆಲಸ. ಅವರು ಕೊಟ್ಟದ್ದು ಸರಿಯಾಯಿತೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ನೋಡಿಕೊಂಡು ತಿದ್ದಿಕೊಳ್ಳುತ್ತಾರೆ. ಕೆರೆಯ ಹತ್ತಿರ ಒಬ್ಬರು ವಾಲ್ವ್ ಹಿಡಿದು ನಿಂತು, ತೋಟದ ತುದಿಯಲ್ಲಿ ಇನ್ನೊಬ್ಬರು ಸ್ಪ್ರಿಂಕ್ಲರಿನ ಜೆಟ್ಟು ನೀರು ಚಿಮ್ಮುವುದನ್ನು ನೋಡುತ್ತ ಜಾಸ್ತಿ ಮಾಡು, ಕಮ್ಮಿ ಮಾಡು ಎಂದು ಕೂಗುವ ಹಾಗೆ. ಕೂಗು ತಡವಾಗಿ ಕೇಳಿಸಿದರೆ ವಾಲ್ವಿನವರು ಕಮ್ಮಿ ಮಾಡಬೇಕಾದಾಗ ಜಾಸ್ತಿ ಮಾಡಿ, ಜಾಸ್ತಿ ಮಾಡಬೇಕಾದಾಗ ಕಮ್ಮಿ ಮಾಡಿ, ಪೈಪು ಹಾವಿನಂತೆ ಹೊರಳಾಡತೊಡಗುತ್ತದೆ. ಹೊರಬಾಗಿಲಲ್ಲಿ ಒಂದಿಷ್ಟು ಕರೆಂಟು ಕೂಡಿಟ್ಟುಕೊಂಡು ನಿಂತ ಕೆಪಾಸಿಟರಿನೊಳಗೆ ಒಂದಿಷ್ಟು ರೆಸಿಸ್ಟೆನ್ಸ್ ಇದ್ದರೆ ಆ ತಡ ಸರಿಹೋಗಿ ಸಾಹೇಬರು ಶಾಂತರಾಗುತ್ತಾರೆ. ಅದು ತೀರಾ ಹೆಚ್ಚಾದರೂ ಕೆಡುಕು, ತೀರಾ ಕಮ್ಮಿಯಾದರೂ ಕೆಡುಕು. ಈಚಿನ ಕಾಲದ ರೆಗ್ಯುಲೇಟರುಗಳು ತಮ್ಮಂಥವರೊಡನೆ ಸುಖವಾಗಿ ಬಾಳುವುದನ್ನು ಕಲಿತಿದ್ದಾರಂತೆ. ನಮ್ಮ ಸಾಹೇಬರು ಹಳಬರು. ನೀಲಿ ಕೋಟಿನ ಹಿರಿಯರ ಒಂದಿಷ್ಟು ಮೊಂಡುತನಕ್ಕೆ ಹೊಂದಿಕೊಂಡಿದ್ದವರು. ಅಂಥವರ ಪಕ್ಕ ತಮ್ಮಷ್ಟು ನಿರ್ಮಲ ಹೃದಯದವರನ್ನು ಕೂರಿಸಿದ್ದೇ ತಪ್ಪಾಯಿತು.

ಈ ಸಂದರ್ಭದಲ್ಲಿ ತಮ್ಮ ಗುಣಗಳನ್ನು ಹೊಗಳದೆ ಮುಂದೆ ಹೋದರೆ ಕೃತಘ್ನಳಾಗುತ್ತೇನೆ. ತಾವು ಬಿಸಿಯಾಗುವುದಿಲ್ಲ, ಉಬ್ಬುವುದಿಲ್ಲ, ಸೋರುವುದಿಲ್ಲ. ಯಾರು ಏನು ಕೇಳಿದರೂ ತಡಮಾಡದೆ ಇಲ್ಲವೆನ್ನದೆ ಕೊಟ್ಟುಬಿಡುತ್ತೀರಿ. ತಮ್ಮ ಮೈಮೇಲೆ ಬರೆದಿರುವಷ್ಟು ಸಾಮರ್ಥ್ಯ ಕೆಲಸಕ್ಕೆ ಕೂರಿಸಿದೊಡನೆ ಅರ್ಧಕ್ಕೆ ಇಳಿಯುತ್ತದೆಂದೂ, ಮೈಮೇಲೆ ವೋಲ್ಟೇಜು ಬೀಳುವವರೆಗೆ ಮಾತ್ರ ಅದು ಪೂರ್ತಿ ಇರುತ್ತದೆಂದೂ ಚೈತ್ರಶ್ರೀ ಹೇಳಿದಾಗ ತಾವು ನಮ್ಮ ಪೈಕಿಯವರೇ ಎನಿಸಿ ಹತ್ತಿರವಾದಿರಿ. ಆದರೂ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ತಾವು ದಯಮಾಡಿ ಒಂದಿಷ್ಟು ರೆಸಿಸ್ಟೆನ್ಸ್ ಸಂಪಾದಿಸಿಕೊಳ್ಳಬೇಕು. ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ನಮ್ಮ ಅತ್ತೆಯವರ ಜೊತೆ ಒಂದು ಬೇಸಿಗೆ ಇದ್ದು, ಅವರು ಅಡುಗೆಗೆ ಉಪ್ಪು ಎಷ್ಟೆಂದು ಕೇಳಿದಾಗ ಹೂಂ ಎನ್ನದೆ ಉಹೂಂ ಎನ್ನದೆ ನಿಲ್ಲುವುದನ್ನು ಅಭ್ಯಾಸ ಮಾಡಬಹುದು. ಇಲ್ಲವೇ ತಾಲ್ಲೂಕಿನ ಯಾವುದಾದರೂ ಕಚೇರಿಯ ಕಿಟಕಿಯೊಳಗೆ ನಾಲ್ಕು ದಿನ ಕೂರಬಹುದು. ಅಲ್ಲಿ ಕೇಳಿದ ಕೂಡಲೇ ಏನನ್ನೂ ಕೊಡದಿರುವ ಕಲೆಯನ್ನು ಪುಕ್ಕಟೆ ಕಲಿಸುತ್ತಾರೆ. ಇವೆರಡೂ ಆಗದಿದ್ದರೆ, ತಾವು ಈವರೆಗೆ ಡಬ್ಬದಲ್ಲಿ ಸುರಿಸಿರುವ ಮಳೆಯನ್ನು ನೆಲದ ಮೇಲೂ ಸುರಿಸಿ ಲೆಕ್ಕ ಸರಿಮಾಡಬೇಕು. ನಮ್ಮದು ಮೂರೇ ಎಕರೆ, ಹೆಚ್ಚು ಶ್ರಮವಾಗದು.

ಸುರೇಂದ್ರ ತನ್ನ ತಪ್ಪಿಗೆ ಬಹಳ ನೊಂದುಕೊಂಡ. ನೀಲಿ ಕೋಟಿನಂಥವರು ಅವನ ಚೀಲದಲ್ಲಿ ಸಿಗಲಿಲ್ಲವಾಗಿ, ಚೈತ್ರಶ್ರೀ ಹೇಳಿದಂತೆ ತಮ್ಮ ಒಂದು ಕಾಲಿಗೆ ಒಂದು ಓಮಿನ ರೆಸಿಸ್ಟರ್ ಕಟ್ಟಿದ, ತುಂಟ ಹಸುವಿನ ಕೊರಳಿಗೆ ಮರದ ತುಂಡು ಕಟ್ಟುವ ಹಾಗೆ. ತಾವು ಕೂಡಲೇ ಗಂಭೀರರಾದಿರಿ. ಎಣಿಕೆಯನ್ನು ಮೊದಲಿನಿಂದ ಶುರುಮಾಡಿ, ಎಷ್ಟು ಸಲ ಕೇಳಿದರೂ ಡಬ್ಬ ಸೊನ್ನೆ ಎಂದೇ ಹೇಳಿತು. ಆದರೆ ಮೊಗ್ಗಿಗೆ ಬೇಕಾದದ್ದು ಸತ್ಯವಲ್ಲ, ನೀರು. ಪಂಪು ಬೇಲಿಯಾಚೆ ಇತ್ತು.

ಹೀಗಾಗಿ ಕೆರೆಯ ಏರಿಯ ಮೇಲೆ ಐದು ಮನೆಯವರ ಸಭೆ ಸೇರಿತು. ನನ್ನ ಡಬ್ಬದ ಮಳೆ ಸುಳ್ಳೆಂದು ನಾನೇ ಹೇಳಿ, ಪಾಳಿ ವಾಪಸು ಕೊಡಬೇಕೆಂದು ಕೈಮುಗಿದೆ. ಸಭೆಗೆ ಇದು ಹೊಸ ಸಮಸ್ಯೆ. ಮಳೆ ಬಿದ್ದರೆ ಏನು ಮಾಡಬೇಕೆಂಬುದಕ್ಕೆ ನಿಯಮವಿದೆ, ಬಿದ್ದ ಮಳೆಯನ್ನು ವಾಪಸು ಪಡೆಯುವುದಕ್ಕೆ ನಿಯಮವಿಲ್ಲ. ಒಮ್ಮೆ ಹೀಗೆ ಬಿಟ್ಟರೆ ನಾಳೆ ಎಲ್ಲರೂ ಹಳೇ ವರ್ಷದ ಮಳೆಯನ್ನೆಲ್ಲ ವಾಪಸು ಮಾಡುತ್ತಾರೆಂದು ಒಬ್ಬರು, ಅರ್ಧ ಇಂಚನ್ನು ಮಾತ್ರ ಹಿಂತೆಗೆದುಕೊಂಡು ಉಳಿದ ಅರ್ಧವನ್ನು ಮನೆತನದ ಗೌರವಕ್ಕಾಗಿ ಉಳಿಸಿಕೊಳ್ಳಲೆಂದು ಇನ್ನೊಬ್ಬರು ವಾದಿಸಿದರು. ನಮ್ಮ ಮನೆಯವರು ಇಬ್ಬರ ಮಾತಿಗೂ ತಲೆಯಾಡಿಸಿದರು. ನಾನು ಆ ಕಾಯಿಲೆಯ ಮೂಲ ತಾವೇ ಎಂದು ವಿವರಿಸತೊಡಗಿದಾಗ ರುದ್ರಯ್ಯನವರ ಮುಖ ಬಿಗಿಯಿತು. ಆಗ ಗೊತ್ತಾದದ್ದೇನೆಂದರೆ, ನನಗೆ ಒಂದು ಇಂಚು ಹತ್ತು ಬಿದ್ದು ರುದ್ರಯ್ಯನವರಿಗೆ ಮೂವತ್ತೈದೇ ಬಿದ್ದ ಅವಮಾನವನ್ನು ತಾಳಲಾರದೆ, ನನ್ನ ಡಬ್ಬದಲ್ಲಿರುವಂಥದೇ ಒಳ್ಳೆಯ ಸಾಮಾನು ಬೇಕೆಂದು ಹಠ ಹಿಡಿದು, ಅವರು ಮಾರನೆಯ ದಿನವೇ ಸುರೇಂದ್ರನಿಂದ ಸ್ವಂತ ಡಬ್ಬಕ್ಕೂ ತಮ್ಮ ಒಡಹುಟ್ಟಿದ ಕೆಪಾಸಿಟರೊಬ್ಬರನ್ನು ಹಾಕಿಸಿಕೊಂಡಿದ್ದರು. ಆಕಾಶ ತಿಳಿಯಾಗಿದ್ದುದರಿಂದ ಆಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಅದೂ ಏನೂ ಹೇಳಿರಲಿಲ್ಲ.

ನನ್ನ ಮಾತು ಸುಳ್ಳೆಂದು ತೋರಿಸಲು ರುದ್ರಯ್ಯನವರು ಸ್ವಂತ ಡಬ್ಬಕ್ಕೇ ಅಲ್ಲಿಂದಲೇ ಮಿಸ್ಡ್ ಕಾಲ್ ಕೊಡಲು ಎಲ್ಲರಿಗೂ ಅಪ್ಪಣೆ ಕೊಟ್ಟರು. ಎಲ್ಲರೂ ಕೊಟ್ಟರು. ಒಬ್ಬರಿಗೆ ಐವತ್ತು ಬಂತು, ಒಬ್ಬರಿಗೆ ಎಂಬತ್ತು, ನಂಬದವರು ಮತ್ತೆ ಮತ್ತೆ ಕೊಟ್ಟರು, ಕೊನೆಯವರ ಫೋನಿಗೆ ಬರುವ ಹೊತ್ತಿಗೆ ಒಂದು ಇಂಚು ಅರವತ್ತು ಸೆಂಟ್ಸ್ ಮಳೆ ಬಿದ್ದಿತ್ತು. ತಲೆಯ ಮೇಲೆ ಒಂದು ಮೋಡದ ಚೂರಿಲ್ಲ, ಬಿಸಿಲಿಗೆ ಏರಿಯ ಹುಲ್ಲು ಚುರುಗುಟ್ಟುತ್ತಿತ್ತು. ನಾನು ಗೆದ್ದೆನೆಂದು ಬಾಯಿ ತೆರೆದೆ. ರುದ್ರಯ್ಯನವರು ಎದ್ದು ಹೋಗಿ ತಮ್ಮ ಕೈಯಾರೆ ಪಂಪು ಆರಿಸಿದರು. "ನಮ್ ಗೇಜು ಬಂದೈತೆ ಅಂದ್ಮೇಲೆ ಬಂದೈತೆ ಕಣ್ರಪ್ಪ. ಪಂಪು ನೇತ್ರಮ್ಮಂಗೆ ಕೊಡ್ರಿ" ಎಂದರು. ಅವರ ಮೇಲಿನ ಅರ್ಧ ತೋಟ ನೆನೆದಿತ್ತು. ನಮ್ಮ ಬೇಲಿಗೆ ತಾಗಿದ ಕೆಳಗಿನ ಅರ್ಧ ಇನ್ನೂ ಒಣಗಿತ್ತು, ಅಲ್ಲೂ ಮೊಗ್ಗು ಎಚ್ಚರವಾಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಬೇಡವೆನ್ನುತ್ತಿದ್ದರೇನೋ, ನಾನು ಎನ್ನಲಿಲ್ಲ. ನಾಚಿಕೆಯಾಗುತ್ತಿದ್ದಂತೆಯೇ ಪೈಪು ಎಳೆಸಿದೆ, ನಾಚಿಕೆಯಾಗುತ್ತಿದ್ದಂತೆಯೇ ಜೆಟ್ಟು ನಿಲ್ಲಿಸಿದೆ, ಮೊದಲ ನೀರು ಮೊಗ್ಗಿನ ಮೇಲೆ ಬಿದ್ದಾಗ ನಾಚಿಕೆ ಮರೆತು ಅತ್ತುಬಿಟ್ಟೆ. ಪಂಪು ಎಡೆಬಿಡದೆ ಓಡಿ ನಮ್ಮ ಮೂರೆಕರೆಗೂ ನೀರಾಯಿತು. ಆಮೇಲೆ ಓಡಿಹೋಗಿ ರುದ್ರಯ್ಯನವರಿಗೆ, ಹೊತ್ತು ಮೀರಿಲ್ಲ, ಪಂಪು ತೆಗೆದುಕೊಳ್ಳಿ, ಗೇಜಿಗೆ ಒಂದು ಓಮಿನ ತುಂಡು ಕಟ್ಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಬೇಡಿಕೊಂಡೆ. ಗೇಜಿಗೆ ಕೈಹಚ್ಚುವುದು ಬಿಲ್ಕುಲ್ ಬೇಡವೆಂದು ಅವರು ಹೇಳಿಬಿಟ್ಟರು. ಪಂಪು ಬೇಕೇ ಬೇಕೆಂದೂ, ಆದರೆ ಗೇಜು ಕಮ್ಮಿ ತೋರಿಸುವವರೆಗೆ ಮುಟ್ಟುವುದಿಲ್ಲವೆಂದೂ ಹೇಳಿದರು. ಕಮ್ಮಿಯಾಯಿತೇ ಎಂದು ತಿಳಿಯಲು ಅವರು ಡಬ್ಬವನ್ನು ಮತ್ತೆ ಮತ್ತೆ ಕೇಳುತ್ತಿದ್ದರು, ಕೇಳಿದಷ್ಟೂ ತಮ್ಮ ಒಡಹುಟ್ಟಿದವರು ಮಳೆ ಸುರಿಸುತ್ತಿದ್ದರು. ಮೂರು ಇಂಚು ದಾಟಿದ ಮೇಲೆ ಅಷ್ಟು ಮಳೆಯಲ್ಲಿ ಬರಿದಲೆಯಲ್ಲಿ ತಿರುಗಿದರೆ ಜನ ಏನೆಂದಾರೆಂದು ಅವರು ಕೊಡೆ ಬಿಚ್ಚಿಕೊಂಡು ಓಡಾಡತೊಡಗಿದರು. ಉರಿಬಿಸಿಲಿನಲ್ಲಿ, ಒಣಗುತ್ತಿರುವ ಗಿಡಗಳ ಸಾಲಿನ ನಡುವೆ, ಕಪ್ಪು ಕೊಡೆ ಹಿಡಿದು ನಡೆಯುವ ಆ ಹಿರಿಯರನ್ನು ಬೇಲಿಯಿಂದ ನೋಡಿದಾಗ ಮೊದಲು ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ.

ಕೊನೆಗೆ ನಿನ್ನೆ ಸಂಜೆ ನಾನು ಯಾರನ್ನೂ ಕೇಳದೆ ಪೈಪನ್ನೆಲ್ಲ ಬೇಲಿಯ ಉದ್ದಕ್ಕೂ ಜೋಡಿಸಿ, ಜೆಟ್ಟುಗಳ ಮೂತಿಯನ್ನು ಆಚೆಗೆ ತಿರುಗಿಸಿ, ಪಂಪು ಹಚ್ಚಿಬಿಟ್ಟೆ. ನೀರು ಬೇಲಿ ಹಾರಿ ಅವರ ಕೆಳತೋಟದ ಮೇಲೆ ಸುರಿಯಿತು. ಪಂಪಿನ ಸದ್ದು ಹೋಬಳಿಗೆಲ್ಲ ಕೇಳುವಂತಿತ್ತು. ರುದ್ರಯ್ಯನವರು ಸಾಲಿನ ನಡುವೆ ನಿಂತಿದ್ದರು. ನೀರು ಕೊಡೆಯ ಮೇಲೆ ಪಟಪಟ ಬಿದ್ದು, ಅಂಚಿನಿಂದ ಇಳಿದು, ಅವರ ಪಂಚೆ ನೆನೆಯಿತು. ಅವರು ಜೆಟ್ಟಿನ ಕಡೆ ನೋಡಲಿಲ್ಲ, ಪಂಪಿನ ಕಡೆಯೂ ನೋಡಲಿಲ್ಲ. ಮೊಗ್ಗೊಂದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ನೋಡಿ, ನನ್ನ ಕಡೆ ತಿರುಗದೆಯೇ ಗಟ್ಟಿಯಾಗಿ ಹೇಳಿದರು.

"ಹೇಳಿರ್ಲಿಲ್ವೇನಮ್ಮ, ಮಳೆ ಬತ್ತೈತೆ ಅಂತ."

ನಾನು ಹೌದು ರುದ್ರಯ್ಯನೋರೆ, ಜೋರಾಗೇ ಬರುತ್ತಿದೆ ಎಂದು ಹೇಳಿ, ಅವರ ಕೊನೆಯ ಸಾಲು ನೆನೆಯುವವರೆಗೆ ವಾಲ್ವ್ ಹಿಡಿದು ನಿಂತಿದ್ದೆ.

ಕಾಲಿಗೆ ಕಟ್ಟಿದ ಓಮಿನ ಭಾರ ತಮಗೆ ಹಗುರವಾಗಲೆಂದು ಹಾರೈಸುವುದಿಲ್ಲವೆಂದು ತಿಳಿಸಿ ವಿರಮಿಸುವ,

ತಮ್ಮ ವಿಶ್ವಾಸಿ,
ನೇತ್ರಾವತಿ

ಮರೆತ ಮಾತು: ಈ ಪತ್ರವನ್ನು ಮಡಚುವ ಹೊತ್ತಿಗೆ ರುದ್ರಯ್ಯನವರು ಅವಸರದಲ್ಲಿ ಬಂದರು. ನಾಲ್ಕು ಇಂಚು ದಾಟಿದ ಮೇಲೆ ಅವರ ಡಬ್ಬಕ್ಕೆ ತಲೆ ಸುತ್ತಿ, ಎಲ್ಲ ಲೆಕ್ಕ ಮರೆತು, ಇವತ್ತು ಬೆಳಿಗ್ಗೆ ಸೊನ್ನೆ ಎಂದಿದೆ. ಅವರ ತೋಟದಲ್ಲಿ ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಒಂದು ಹನಿಯೂ ಬಿದ್ದಿಲ್ಲವೆಂದು ಗೇಜು ಹೇಳಿರುವುದರಿಂದ, ನಿಯಮದಂತೆ ಪಾಳಿ ಈಗ ಅವರದೆಂದು ಹೇಳಿ ಪಂಪು ಎಳೆಸಿಕೊಂಡು ಹೋದರು. ತಮ್ಮ ಒಡಹುಟ್ಟಿದವರ ಕಾಲಿಗೆ ಕಟ್ಟಲು ಸುರೇಂದ್ರ ತಂದ ಓಮಿನ ತುಂಡನ್ನು ಅವರು ಹಾಗೆಯೇ ಹಿಂದಿರುಗಿಸಿದ್ದಾರೆ. ಅದನ್ನು ಈ ಪತ್ರದ ಜೊತೆ ತಮ್ಮ ಇನ್ನೊಂದು ಕಾಲಿಗಾಗಿ ಲಗತ್ತಿಸಿದ್ದೇನೆ.